ಭಾರವಿಲ್ಲದ ಲೋಹ: ಬೀಳುಗೋಪುರವೋ, ವಿಮಾನವೋ, ರಾಕೆಟ್ಟೋ, ನಿಲ್ದಾಣವೋ?

ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರದ ಓಣಿಯೊಂದರಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡುತ್ತ ನಿಂತಿದ್ದೆವು. ಕುಲುಮೆಯ ಮೇಲೆ ಪಾತ್ರೆ ಚೆನ್ನಾಗಿ ಕಾದ ಮೇಲೆ ಕಲಾಯಿಯವರು ಒಂದು ಚಿಟಿಕೆ ನವಸಾಗರ ಎಸೆದರು. ಬಿಳಿ ಹೊಗೆ ಎದ್ದು ಮೂಗು ಕಟ್ಟಿತು. ತವರದ ಕಡ್ಡಿಯ ತುದಿಯನ್ನು ತಾಗಿಸಿದೊಡನೆ ಬೆಳ್ಳಿಯಂತಹ ಹನಿಯೊಂದು ಕಳಚಿ, ಪಾತ್ರೆ ಓರೆಯಾದ ಕಡೆಗೆ ಓಡಿತು. ಅರಳೆಯ ಉಂಡೆಯಿಂದ ಎರಡು ಸಲ ಒರೆಸಿದ್ದೇ ತಡ, ಕಪ್ಪಾಗಿದ್ದ ಒಳಮೈ ಕನ್ನಡಿಯಾಯಿತು. ಜೊತೆಗಿದ್ದ ವಿದ್ಯಾರ್ಥಿನಿ, ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದವಳು, ಕೇಳಿದಳು: "ಭಾರವೇ ಇಲ್ಲದಿದ್ದರೆ ಈ ಹನಿ ಎತ್ತ ಓಡುತ್ತಿತ್ತು ಸರ್?"

ಪ್ರಶ್ನೆ ಚೆನ್ನಾಗಿತ್ತು. ಅದರ ಹಿಂದೆಯೇ ಬಂದ ಎರಡನೆಯ ಮಾತು ಮಾತ್ರ ಪ್ರತಿವರ್ಷ ಕೇಳುವಂಥದ್ದು: "ಇದನ್ನೇ ಪ್ರಾಜೆಕ್ಟ್ ಮಾಡಿ ಅಂತರಿಕ್ಷ ನಿಲ್ದಾಣಕ್ಕೆ ಕಳುಹಿಸಬಹುದೇ?" ಕರಗಿದ ಲೋಹವನ್ನು ಸೂಕ್ಷ್ಮಗುರುತ್ವದಲ್ಲಿ, ಅಂದರೆ ಭಾರ ಬಹುತೇಕ ಇಲ್ಲದ ಸ್ಥಿತಿಯಲ್ಲಿ, ಅಭ್ಯಾಸ ಮಾಡಬೇಕೆಂದು ಹೊರಡುವವರು ಮೊದಲು ವಾಹನವನ್ನು ಆರಿಸುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಪ್ರಶ್ನೆಯನ್ನು ಹುಡುಕುತ್ತಾರೆ. ಮದುವೆಯ ಛತ್ರ ಗೊತ್ತುಮಾಡಿ ಆಮೇಲೆ ಹೆಣ್ಣು ನೋಡಲು ಹೊರಟ ಹಾಗೆ. ಲೋಹಕ್ಕೆ ಎಷ್ಟು ಸೆಕೆಂಡ್ ಬೇಕು ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧಕ್ಕರ್ಧ ದಾರಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಭೂಮಿ ಏನು ಮಾಡುತ್ತದೆ

ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ ಪಾಕ ಇಳಿಸುವವರಿಗೆ ಈ ವಿಷಯ ಪಾಠವಿಲ್ಲದೆಯೇ ಗೊತ್ತು. ಕೊಪ್ಪರಿಗೆಯ ಯಾವ ಕಡೆ ಉರಿ ಜೋರಾಗಿದೆಯೋ ಅಲ್ಲಿ ಕಬ್ಬಿನ ಹಾಲು ಉಕ್ಕಿ ಮೇಲೇಳುತ್ತದೆ, ಎದುರು ಅಂಚಿನಲ್ಲಿ ತಣಿದು ಇಳಿಯುತ್ತದೆ. ಅಚ್ಚಿಗೆ ಸುರಿಯುವ ಮೊದಲು ಪಾಕವನ್ನು ಎಷ್ಟು ತಿರುವಿದರು ಎಂಬುದರ ಮೇಲೆ ಬೆಲ್ಲದ ಕಣ ನಿಲ್ಲುತ್ತದೆ. ಆಲೆಮನೆಯಲ್ಲಿ ತಿರುವುವ ಕೈಯನ್ನು ಬೇಕೆಂದಾಗ ನಿಲ್ಲಿಸಬಹುದು. ಮೂಸೆಯೊಳಗಿನ ಲೋಹವನ್ನು ತಿರುವುವುದು ಭೂಮಿ. ಬಿಸಿ ಲೋಹ ಹಗುರಾಗಿ ಮೇಲೇರುತ್ತದೆ, ತಣಿದದ್ದು ಇಳಿಯುತ್ತದೆ, ಮಿಶ್ರಲೋಹದಲ್ಲಿ ಭಾರದ ಅಂಶ ತಳಕ್ಕೆ ಜಾರುತ್ತದೆ. ಈ ಕೈಯನ್ನು ನಿಲ್ಲಿಸಲು ಇರುವ ಉಪಾಯ ಒಂದೇ, ಎಲ್ಲವನ್ನೂ ಒಟ್ಟಿಗೆ ಬೀಳಿಸುವುದು.

ಅಂತರಿಕ್ಷದಲ್ಲಿ ಗುರುತ್ವವೇ ಇಲ್ಲ ಎಂದು ಬರೆದ ಪ್ರಾಜೆಕ್ಟ್ ವರದಿಗಳನ್ನು ನಾನು ಮೊದಲ ಪುಟದಲ್ಲೇ ಕೆಂಪು ಶಾಯಿಯಿಂದ ಹಿಂದಿರುಗಿಸುತ್ತೇನೆ. ನಿಲ್ದಾಣ ಸುತ್ತುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಶೇಕಡಾ 90ರಷ್ಟು ಇದ್ದೇ ಇರುತ್ತದೆ. ನಿಲ್ದಾಣ, ಕುಲುಮೆ, ಕುಲುಮೆಯೊಳಗಿನ ಹನಿ ಮೂರೂ ಒಂದೇ ವೇಗೋತ್ಕರ್ಷದಲ್ಲಿ ಬೀಳುತ್ತಿರುವುದರಿಂದ ಹನಿ ಕುಲುಮೆಯ ಮೇಲೆ ಭಾರ ಹಾಕುವುದಿಲ್ಲ, ಅಷ್ಟೇ. ಗೋಪುರದಿಂದ ಬೀಳುವ ಪೆಟ್ಟಿಗೆಯಲ್ಲಿ ಆಗುವುದೂ ಇದೇ. ಎರಡಕ್ಕೂ ಇರುವ ವ್ಯತ್ಯಾಸ ಕಾಲಾವಧಿಯದು.

ಭಾರ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ 1970ರ ದಶಕದಲ್ಲೇ ಪೆಟ್ಟು ಬಿದ್ದಿದೆ. ಅಲ್ಯೂಮಿನಿಯಂ ಮತ್ತು ಇಂಡಿಯಂ ಎಣ್ಣೆ–ನೀರಿನಂತೆ ಬೆರೆಯದ ಜೋಡಿ. ನೆಲದ ಮೇಲೆ ಇಂಡಿಯಂ ತಳ ಸೇರುತ್ತದೆ. ರಾಕೆಟ್ಟಿನಲ್ಲಿ ಒಯ್ದರೆ ಸಣ್ಣ ಸಣ್ಣ ಹನಿಗಳಾಗಿ ಹರಡಿಕೊಂಡು ಹೆಪ್ಪುಗಟ್ಟಬಹುದು ಎಂದುಕೊಂಡಿದ್ದರು. ಹಿಂದಿರುಗಿದ ಮಾದರಿಯನ್ನು ಕತ್ತರಿಸಿದಾಗ ಎರಡೂ ಲೋಹಗಳು ಬೇರೆಯಾಗಿಯೇ ಇದ್ದವು. ಮೇಲೆ–ಕೆಳಗೆ ಆಗುವ ಬದಲು ಒಳಗೆ–ಹೊರಗೆ ಆಗಿದ್ದವು. ಮೂಸೆಯ ಗೋಡೆಯನ್ನು ಒಂದು ದ್ರವ ಹೆಚ್ಚು ಒಲಿದು ಅಪ್ಪಿಕೊಂಡಿತ್ತು. ಜೊತೆಗೆ, ಬಿಸಿ ಇರುವ ಕಡೆ ಮೇಲ್ಮೈ ಎಳೆತ ಕಡಿಮೆ, ತಣ್ಣಗಿರುವ ಕಡೆ ಹೆಚ್ಚು. ಈ ವ್ಯತ್ಯಾಸವೇ ದ್ರವವನ್ನು ಹರಿಸುತ್ತದೆ, ತೇಲುವ ಹನಿಗಳನ್ನು ಸಾಗಿಸುತ್ತದೆ. ಇದಕ್ಕೆ ಮರಂಗೋನಿ ಹರಿವು ಎನ್ನುತ್ತಾರೆ. ಭೂಮಿಯ ಗದ್ದಲದಲ್ಲಿ ಕೇಳಿಸದಿದ್ದ ಈ ಪಿಸುಮಾತು ಭಾರ ಹೋದೊಡನೆ ಜೋರಾಗುತ್ತದೆ. ಕಲಾಯಿಯ ಹನಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ: ಓರೆಯಾದ ಕಡೆಗೆ ಓಡುವ ಬದಲು ಅದು ಬಿಸಿಯಿಂದ ತಂಪಿನ ಕಡೆಗೆ ಹರಿಯಲು ನೋಡುತ್ತಿತ್ತು.

ಸೆಕೆಂಡಿನ ಲೆಕ್ಕ

ಮಂಡ್ಯದವರಿಗೆ 124.80 ಎಂಬ ಅಂಕಿಯನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಕನ್ನಂಬಾಡಿಯ ಮಟ್ಟವನ್ನು ಪತ್ರಿಕೆಯಲ್ಲಿ ನೋಡದೆ ಕಾಫಿ ಕುಡಿಯದವರು ನಮ್ಮಲ್ಲಿ ಬಹಳ. ಆ 124.80 ಅಡಿಯಷ್ಟು ಎತ್ತರದಿಂದ ಒಂದು ಪೆಟ್ಟಿಗೆಯನ್ನು ಬಿಟ್ಟರೆ ಅದು ನೆಲ ಮುಟ್ಟಲು ಬೇಕಾದದ್ದು 2.8 ಸೆಕೆಂಡ್. ಎತ್ತರ ನಾಲ್ಕು ಪಟ್ಟಾದರೆ ಕಾಲ ಎರಡೇ ಪಟ್ಟಾಗುತ್ತದೆ. ಬೀಳುಗೋಪುರಗಳ ಬಡತನಕ್ಕೆ ಕಾರಣವೇ ಇದು.

ಚೆನ್ನೈನ ಐಐಟಿ ಮದ್ರಾಸಿನ ದಹನ ಸಂಶೋಧನಾ ಕೇಂದ್ರದಲ್ಲಿ 2.5 ಸೆಕೆಂಡಿನ ಗೋಪುರವಿದೆ. ಜರ್ಮನಿಯ ಬ್ರೆಮೆನ್‌ನಲ್ಲಿ 110 ಮೀಟರ್ ಕೊಳವೆ, ಒಳಗೆ ಗಾಳಿ ತೆಗೆದು ಬಿಟ್ಟರೆ 4.74 ಸೆಕೆಂಡ್, ತಳದಿಂದ ಪೆಟ್ಟಿಗೆಯನ್ನು ಮೇಲಕ್ಕೆ ಚಿಮ್ಮಿಸಿದರೆ ಏರುವಾಗ ಇಳಿಯುವಾಗ ಸೇರಿ ಸುಮಾರು 9.3 ಸೆಕೆಂಡ್. ಜಪಾನಿನವರು ಕೆಲಸ ನಿಂತ ಕಲ್ಲಿದ್ದಲು ಗಣಿಯ 710 ಮೀಟರ್ ಆಳದ ಬಾವಿಯನ್ನೇ ಬೀಳುಬಾವಿ ಮಾಡಿ 10 ಸೆಕೆಂಡ್ ಪಡೆದಿದ್ದರು; 2003ರಲ್ಲಿ ಅದೂ ಮುಚ್ಚಿತು. ಈ ಸಂಗತಿ ಓದಿದಾಗಲೆಲ್ಲ ಕೋಲಾರದ ಚಿನ್ನದ ಗಣಿ ನೆನಪಾಗುತ್ತದೆ. 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ ಹೋದದ್ದು ಅಲ್ಲಿಗೆ. 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿಯನ್ನು 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡಿತು. ಅದರಲ್ಲಿ ಒಂದೇ ಒಂದು ಬಾವಿಯಾದರೂ ನಮಗೆ ಸಿಕ್ಕಿದ್ದರೆ! ಇರಲಿ.

ಎಸೆದ ಕಲ್ಲಿನಂತೆ ವಕ್ರಪಥದಲ್ಲಿ ಏರಿ ಇಳಿಯುವ ವಿಮಾನ ಕೊಡುವುದು ಒಂದು ಸಲಕ್ಕೆ 20ರಿಂದ 22 ಸೆಕೆಂಡ್. ಕಕ್ಷೆ ಸೇರದೆ ಮೇಲೇರಿ ಮರಳಿ ಬೀಳುವ ಸೌಂಡಿಂಗ್ ರಾಕೆಟ್ ಕೊಡುವುದು ಆರು ನಿಮಿಷದಿಂದ ಹನ್ನೆರಡು ನಿಮಿಷದ ತನಕ. ಕಕ್ಷೆಯಲ್ಲಿ ಸುತ್ತುವ ಸಾಧನಕ್ಕೆ ದಿನ, ತಿಂಗಳು, ವರ್ಷ.

ಇನ್ನು ಲೋಹದ ಕಡೆಯ ಲೆಕ್ಕ. ಕರಗಿದ ಹನಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ಜೆಲ್ಲಿಯಂತೆ ನಡುಗುತ್ತದೆ. ನಡುಕದ ವೇಗದಿಂದ ಮೇಲ್ಮೈ ಎಳೆತ ಸಿಗುತ್ತದೆ, ನಡುಕ ಅಡಗಲು ಹಿಡಿಯುವ ಕಾಲದಿಂದ ಸ್ನಿಗ್ಧತೆ (ದ್ರವದ ಅಂಟುತನ) ಸಿಗುತ್ತದೆ. 8 ಮಿಲಿಮೀಟರ್ ಅಗಲದ ಕರಗಿದ ಜಿರ್ಕೋನಿಯಂ ಹನಿಗೆ ಲೆಕ್ಕ ಹಾಕಿ ನೋಡಿದರೆ ಸೆಕೆಂಡಿಗೆ ಸುಮಾರು 28 ಕಂಪನ ಬರುತ್ತದೆ. ಅಡಗುವುದಕ್ಕೆ ಸುಮಾರು 4 ಸೆಕೆಂಡ್. ಬ್ರೆಮೆನ್‌ನ 4.74 ಸೆಕೆಂಡಿನಲ್ಲಿ ಕಂಪನ ಎಣಿಸಬಹುದು. ಅಡಗುವುದನ್ನು ಅಳೆಯಲು ಹೊರಟರೆ ಸಿನಿಮಾದ ಕೊನೆಯ ರೀಲಿನಲ್ಲಿ ಕರೆಂಟ್ ಹೋದಂತಾಗುತ್ತದೆ. ಅದೇ ಹನಿಯನ್ನು 2 ಮಿಲಿಮೀಟರಿಗೆ ಇಳಿಸಿದರೆ ಅಡಗುವ ಕಾಲ ಹದಿನಾರನೆಯ ಒಂದು ಪಾಲಾಗಿ ಕಾಲು ಸೆಕೆಂಡಿಗೆ ಬರುತ್ತದೆ. ಪ್ರಯೋಗ ಮೊದಲಿನದೇ, ಹನಿ ಮಾತ್ರ ಸಣ್ಣದು. ಬೇಕಾಗುವ ವಾಹನವೇ ಬೇರೆಯಾಯಿತು.

ವಿಸರಣದ ಲೆಕ್ಕ ಇನ್ನೂ ನಿಷ್ಠುರ. ಕರಗಿದ ಲೋಹದಲ್ಲಿ ಒಂದು ಜಾತಿಯ ಪರಮಾಣು ಇನ್ನೊಂದರೊಳಗೆ ತಾನಾಗಿ ಹಬ್ಬುವ ದೂರ 20 ಸೆಕೆಂಡಿನಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ, ಆರು ನಿಮಿಷದಲ್ಲಿ ಸುಮಾರು 2 ಮಿಲಿಮೀಟರ್. ಒಂದೆರಡು ಸೆಂಟಿಮೀಟರ್ ಬೇಕೆಂದರೆ ಹತ್ತು ಗಂಟೆ ಕಾಯಬೇಕು. 1980ರ ದಶಕದಲ್ಲಿ ಅಮೆರಿಕದ ಸ್ಪೇಸ್ ಶಟಲ್ ಒಳಗಿನ ಪ್ರಯೋಗಾಲಯವಾದ ಸ್ಪೇಸ್‌ಲ್ಯಾಬ್‌ನಲ್ಲಿ ಕರಗಿದ ತವರದ ಮೇಲೆ ಇದೇ ಅಳತೆ ಮಾಡಿದಾಗ, ನೆಲದ ಮೇಲಿನ ಅಂಕಿಗಳು ಹಿಗ್ಗಿದ್ದವು ಎಂದು ಗೊತ್ತಾಯಿತು. ಸಂವಹನ, ಅಂದರೆ ಬಿಸಿ ಏರಿ ತಂಪು ಇಳಿಯುವ ಹರಿವು, ಕದಡಿದ್ದನ್ನು ವಿಸರಣವೆಂದು ಲೆಕ್ಕಕ್ಕೆ ಹಿಡಿದಿದ್ದರು. ಇನ್ನು 5 ಸೆಂಟಿಮೀಟರ್ ಕಡ್ಡಿಯೊಂದನ್ನು ಸೆಕೆಂಡಿಗೆ 10 ಮೈಕ್ರೋಮೀಟರ್ ವೇಗದಲ್ಲಿ ಒಂದು ತುದಿಯಿಂದ ಹೆಪ್ಪುಗಟ್ಟಿಸಲು ಬೇಕಾಗುವುದು 5,000 ಸೆಕೆಂಡ್. ಇದಕ್ಕೆ ಕಕ್ಷೆ ಬಿಟ್ಟು ಬೇರೆ ಗತಿಯಿಲ್ಲ.

ಮೊದಲು ನೆಲದ ಮೇಲೆ

ನನ್ನ ಹತ್ತಿರ ಬರುವವರಲ್ಲಿ ಅರ್ಧದಷ್ಟು ಮಂದಿಗೆ ನಾನು ಕೊಡುವ ಸಲಹೆ ಇದು, ಅವರ ಮುಖ ಸಪ್ಪಗಾದರೂ ಸರಿಯೇ. ತೂಕದಿಂದ ಹನಿಯ ಆಕಾರ ಕೆಡುವುದು ಹನಿ ಒಂದು ಮಿತಿ ದಾಟಿದ ಮೇಲೆ. ತವರಕ್ಕೆ ಆ ಮಿತಿ ಸುಮಾರು 2.8 ಮಿಲಿಮೀಟರ್. ಅದಕ್ಕಿಂತ ತೀರ ಸಣ್ಣ ಹನಿಗೆ ಮೇಲ್ಮೈ ಎಳೆತವೇ ದೊರೆ, ಭೂಮಿ ಬರೀ ಸಾಮಂತ. ಅಂಥ ಹನಿಯ ಆಕಾರವನ್ನು ನೋಡಲು ಅಂತರಿಕ್ಷಕ್ಕೆ ಹೋಗುವುದು ನಂಜನಗೂಡಿಗೆ ದೆಹಲಿಯ ಮೇಲೆ ಹೋದಂತೆ.

ಎರಡನೆಯದಾಗಿ, ಕುಲುಮೆಯನ್ನು ತಲೆಕೆಳಗು ಮಾಡಿ ನೋಡಿದ್ದೀರಾ? ಅಲ್ಯೂಮಿನಿಯಂ ಹೆಚ್ಚಾಗಿರುವ ಅಲ್ಯೂಮಿನಿಯಂ–ತಾಮ್ರ ಮಿಶ್ರಲೋಹ ಹೆಪ್ಪುಗಟ್ಟುವಾಗ ಹರಳು ತಾಮ್ರವನ್ನು ಹೊರಗೆ ತಳ್ಳುತ್ತದೆ. ತಳದಿಂದ ಮೇಲಕ್ಕೆ ಹೆಪ್ಪುಗಟ್ಟಿಸಿದರೆ ಆ ಭಾರದ ದ್ರವ ಕೆಳಗೇ ಕುಳಿತು ಸುಮ್ಮನಿರುತ್ತದೆ, ಬಿಸಿಯೂ ಮೇಲುಗಡೆಯೇ ಇರುತ್ತದೆ, ಹರಿವು ಬಹುಮಟ್ಟಿಗೆ ನಿಲ್ಲುತ್ತದೆ. ಮೇಲಿನಿಂದ ಕೆಳಕ್ಕೆ ಮಾಡಿದರೆ ಎಲ್ಲ ಕದಡಿಹೋಗುತ್ತದೆ. ಸೀಸ ಹೆಚ್ಚಾಗಿರುವ ಸೀಸ–ತವರದಲ್ಲಿ ಇದು ತಿರುವುಮುರುವು: ಹೊರಬೀಳುವ ತವರ ಹಗುರ, ಆದ್ದರಿಂದ ತಳದಿಂದ ಹೆಪ್ಪುಗಟ್ಟಿಸಿದರೇ ಬುಗ್ಗೆಗಳು ಏಳುತ್ತವೆ. ಒಂದೇ ಮಿಶ್ರಲೋಹವನ್ನು ಎರಡೂ ದಿಕ್ಕಿನಲ್ಲಿ ಮಾಡಿ, ಕತ್ತರಿಸಿ, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಮ್ಮ ಪ್ರಶ್ನೆಯಲ್ಲಿ ಗುರುತ್ವಕ್ಕೆ ಪಾತ್ರವೇ ಇಲ್ಲ. ಕಂಡರೆ ಅದೇ ನಿಮ್ಮ ಮುಂದಿನ ಅರ್ಜಿಯ ಮೊದಲ ಚಿತ್ರ.

ಲೋಹದ ಒಳಗೆ ಕಣ್ಣು ಹೋಗುವುದಿಲ್ಲ ಎಂಬ ಕಷ್ಟಕ್ಕೂ ಹಳೆಯ ಪರಿಹಾರವಿದೆ. ಸಕ್ಸಿನೋನೈಟ್ರೈಲ್ ಎಂಬ ಪಾರದರ್ಶಕ ವಸ್ತು ಸುಮಾರು 58 ಡಿಗ್ರಿಯಲ್ಲಿ ಕರಗುತ್ತದೆ, ಹೆಪ್ಪುಗಟ್ಟುವಾಗ ಲೋಹದ ಹಾಗೆಯೇ ಕೊಂಬೆ ಕೊಂಬೆಯಾಗಿ ಡೆಂಡ್ರೈಟ್ ಬೆಳೆಸುತ್ತದೆ. 1994, 1996 ಮತ್ತು 1997ರಲ್ಲಿ ಅಮೆರಿಕದ ಸ್ಪೇಸ್ ಶಟಲ್‌ನಲ್ಲಿ ನಡೆದ ಡೆಂಡ್ರೈಟ್ ಪ್ರಯೋಗಗಳ ಮೊದಲ ಎರಡು ಸುತ್ತು ಇದರ ಮೇಲೆಯೇ ನಡೆದವು. ಕಾಲೇಜಿನಲ್ಲಾದರೆ ಅದೂ ಬೇಡ, ಕಲಾಯಿಯವರ ನವಸಾಗರವೇ ಸಾಕು. ಬಿಸಿ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ ತೆಳು ಗಾಜಿನ ತೊಟ್ಟಿಗೆ ಸುರಿದು ತಳವನ್ನು ಮಂಜುಗಡ್ಡೆಯಿಂದ ತಣಿಸಿದರೆ ಬಿಳಿ ಕೊಂಬೆಗಳ ಕಾಡೊಂದು ಎದ್ದುಬರುತ್ತದೆ. ಸ್ವಲ್ಪ ಹೊತ್ತಿಗೆ ಆ ಕಾಡಿನ ನಡುವೆ ಹೊಗೆಗೂಡಿನಂತಹ ತೂತುಗಳು ತೆರೆದುಕೊಂಡು ಹಗುರ ದ್ರವ ದಾರದಂತೆ ಮೇಲೇಳುತ್ತದೆ. ಜೆಟ್ ಎಂಜಿನ್ನಿನ ಅಲಗುಗಳನ್ನು ಎರಕ ಹೊಯ್ಯುವವರಿಗೆ ನಿದ್ದೆಗೆಡಿಸುವ 'ಫ್ರೆಕಲ್' ಎಂಬ ದೋಷ ಹುಟ್ಟುವುದು ಹೀಗೆಯೇ. ಟಾರ್ಚ್ ಹಿಡಿದು ನೋಡಬೇಕು. ಒಮ್ಮೆ ನೋಡಿದವರು ಸಂವಹನದ ಬಗ್ಗೆ ಮತ್ತೆ ಬಾಯಿಪಾಠ ಮಾಡುವುದಿಲ್ಲ.

ನೆಲದಲ್ಲೇ ಹನಿಯನ್ನು ತೇಲಿಸುವ ಎರಡು ವಿಧಾನಗಳಿವೆ. ವಿದ್ಯುತ್ಕಾಂತೀಯ ವಿಧಾನದಲ್ಲಿ ತಾಮ್ರದ ಸುರುಳಿಯೊಳಗೆ ಹನಿ ತೇಲುತ್ತದೆ. ಆದರೆ ಎತ್ತಿಹಿಡಿಯಲು ಬೇಕಾದ ಕ್ಷೇತ್ರವೇ ಹನಿಯನ್ನು ಕಾಯಿಸುತ್ತದೆ, ಆಕಾರವನ್ನು ಕೆಡಿಸುತ್ತದೆ, ಒಳಗೆ ಸುಳಿ ಎಬ್ಬಿಸುತ್ತದೆ; ತಣಿಸಬೇಕೆಂದರೆ ಹೀಲಿಯಂ ಊದಬೇಕು. ಸ್ಥಿರವಿದ್ಯುತ್ ವಿಧಾನದಲ್ಲಿ ಈ ಕಾಟ ಕಡಿಮೆ. ಅಲ್ಲಿ 2 ಮಿಲಿಮೀಟರ್ ಆಸುಪಾಸಿನ ಹನಿ, ಸಾಮಾನ್ಯವಾಗಿ ನಿರ್ವಾತ, ಮತ್ತು ಬೇಗ ಆವಿಯಾಗದ ಲೋಹ ಬೇಕು. ಮೇಲಿನ ಲೆಕ್ಕ ನೆನಪಿದ್ದರೆ, 2 ಮಿಲಿಮೀಟರ್ ಹನಿಯ ಸ್ನಿಗ್ಧತೆಗೆ ಕಾಲು ಸೆಕೆಂಡ್ ಸಾಕು. ಜಿರ್ಕೋನಿಯಂ, ಟೈಟಾನಿಯಂ ಜಾತಿಯ ಲೋಹಗಳಿಗೆ ನನ್ನ ಮೊದಲ ಆಯ್ಕೆ ಇದೇ. ಸತು, ಮೆಗ್ನೀಸಿಯಂ ತರುವವರಿಗೆ ಇದು ಒಗ್ಗುವುದಿಲ್ಲ.

ಬೀಳಿಸುವ ದಾರಿ

ಬೀಳಿಸಿ ಲೋಹ ಗಟ್ಟಿಮಾಡುವುದು ಹಳೆಯ ಕಸುಬು. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲೇ ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಸುರಿದು ದುಂಡನೆಯ ಬಂದೂಕಿನ ಚರೆ ಮಾಡಿದ. ಕಾಲೇಜಿನ ಮೆಟ್ಟಿಲ ಸಂದಿಯಲ್ಲಿ ಏಳು ಮೀಟರ್ ಪೈಪು ನಿಲ್ಲಿಸಿ, 138 ಡಿಗ್ರಿಯಲ್ಲೇ ಕರಗುವ ತವರ–ಬಿಸ್ಮತ್ ಮಿಶ್ರಲೋಹವನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿಗಳಾಗಿ ಬಿಟ್ಟರೆ ನೀವೂ ಅದನ್ನೇ ಮಾಡಬಹುದು. ಸೀಸದ ಸಹವಾಸ ಬೇಡ. ಒಂದು ಎಚ್ಚರಿಕೆ: ಗಾಳಿ ತಡೆಯತೊಡಗಿದಂತೆ ಹನಿಗೆ ಭಾರ ಮರಳುತ್ತದೆ. ಆದ್ದರಿಂದ ಇದು ಮೂಸೆಯಿಲ್ಲದೆ ಹೆಪ್ಪುಗಟ್ಟುವುದನ್ನು ನೋಡುವ ವಿಧಾನ, ಸೂಕ್ಷ್ಮಗುರುತ್ವದ ವಿಧಾನವಲ್ಲ. ವರದಿಯ ಶೀರ್ಷಿಕೆಯಲ್ಲಿ ಎರಡನ್ನೂ ಬೆರೆಸಿದರೆ ಪರೀಕ್ಷಕರು ಬಿಡುವುದಿಲ್ಲ, ಬಿಡಲೂಬಾರದು.

ಗೋಪುರದಲ್ಲಿ ಬೀಳುವುದು ಇಡೀ ಪೆಟ್ಟಿಗೆ, ಕುಲುಮೆ ಸಮೇತ. ಭಾರಹೀನತೆಯ ಗುಣಮಟ್ಟದಲ್ಲಿ ಬ್ರೆಮೆನ್‌ನ ನಿರ್ವಾತ ಕೊಳವೆಯನ್ನು ಮೀರಿಸುವುದು ಕಷ್ಟ, ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಗುರುತ್ವ ಮಾತ್ರ ಉಳಿಯುತ್ತದೆ. ತೊಂದರೆ ಇರುವುದು ಎರಡು ತುದಿಗಳಲ್ಲಿ. ಬೀಳುವ ಮೊದಲೇ ಲೋಹ ಕರಗಿರಬೇಕು, ಅಂದರೆ ಭೂಮಿ ಅದನ್ನು ಆಗಲೇ ಕದಡಿರುತ್ತದೆ. ಆ ಕದಡು ನಿಲ್ಲುವಷ್ಟರಲ್ಲಿ ಸಮಯ ಮುಗಿಯಬಹುದು. ಕೊನೆಯಲ್ಲಿ ಪೆಟ್ಟಿಗೆ ಪಾಲಿಸ್ಟೈರೀನ್ ಮಣಿಗಳ ರಾಶಿಗೆ ಬಡಿಯುತ್ತದೆ, ಆ ಹೊಡೆತ ಗುರುತ್ವದ ಹತ್ತಾರು ಪಟ್ಟು. ಮಾದರಿ ಅಷ್ಟರೊಳಗೆ ಹೆಪ್ಪುಗಟ್ಟಿರದಿದ್ದರೆ ಕತ್ತರಿಸಿ ನೋಡಲು ಉಳಿಯುವುದು ಹೊಡೆತದ ಗುರುತು. ನಮ್ಮದೇ ಒಂದು ತಂಡ ಮನೆಯಲ್ಲಿ ಕಟ್ಟಿದ ಪೆಟ್ಟಿಗೆಯನ್ನು ಮೂರನೆಯ ಮಹಡಿಯಿಂದ ಹಗ್ಗ ಕತ್ತರಿಸಿ ಬಿಟ್ಟಿತು. ಲೋಹ ಬೀಳುವ ಮೊದಲೇ ಹೆಪ್ಪುಗಟ್ಟಿಬಿಟ್ಟಿತ್ತು. ವಿಡಿಯೊದಲ್ಲಿ ಇದ್ದದ್ದು ಒಂದು ತವರದ ತುಂಡು ಮತ್ತು ನಾಲ್ಕು ಮಂದಿಯ ಕೂಗು.

ಹಾಗಾದರೆ ಗೋಪುರ ಯಾರಿಗೆ? ಕ್ಷಣದಲ್ಲಿ ಮುಗಿಯುವ ಘಟನೆಗಳಿಗೆ. ಹೆಪ್ಪುಗಟ್ಟುವ ಬಿಂದುವಿಗಿಂತ ಬಹಳ ಕೆಳಗೆ ತಣಿದರೂ ದ್ರವವಾಗಿಯೇ ಉಳಿದ ಹನಿ ಕೊನೆಗೆ ಹರಳಾಗುವಾಗ, ಹರಳಿನ ಮುಂಚೂಣಿ ಸೆಕೆಂಡಿಗೆ ಮೀಟರ್ ವೇಗದಲ್ಲಿ ನುಗ್ಗಬಲ್ಲದು. 8 ಮಿಲಿಮೀಟರ್ ಹನಿ 8 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕರಗಿದ ಲೋಹ ಇನ್ನೊಂದು ಲೋಹದ ಮೇಲೆ ಹರಡುವುದೂ ಇದೇ ಜಾತಿಯ ಘಟನೆ.

ವಿಮಾನ: ಚೂರುಚೂರಾದ ಹನ್ನೊಂದು ನಿಮಿಷ

ಫ್ರಾನ್ಸಿನ ಬೋರ್ಡೊದಿಂದ ನೋವೆಸ್ಪೇಸ್ ಕಂಪನಿ ಹಾರಿಸುವ ಏರ್‌ಬಸ್ ಎ310 ವಿಮಾನ ಒಂದು ಹಾರಾಟದಲ್ಲಿ 31 ಸಲ ಕಮಾನು ಹೊಡೆಯುತ್ತದೆ. 31ನ್ನು 22ರಿಂದ ಗುಣಿಸಿದರೆ ಹನ್ನೊಂದು ನಿಮಿಷಕ್ಕೂ ಹೆಚ್ಚು. ಈ ಗುಣಾಕಾರಕ್ಕೆ ಮರುಳಾಗಬೇಡಿ. ಪ್ರತಿ ಕಮಾನಿನ ಹಿಂದೆ ಮುಂದೆ ಸುಮಾರು 1.8 ಪಟ್ಟು ಗುರುತ್ವ ಇಪ್ಪತ್ತು ಸೆಕೆಂಡ್ ಒತ್ತುತ್ತದೆ, ಲೋಹ ಪ್ರತಿಸಲ ಮೊದಲಿನಿಂದ ಕದಡುತ್ತದೆ. ಅರ್ಧರ್ಧ ಗಂಟೆಗೆ ಹೋಗಿಬರುವ ಕರೆಂಟಿನಲ್ಲಿ ರಾಗಿ ಬೀಸಬಹುದು; ಕೇಕ್ ಬೇಯಿಸಲಾಗದು. ಉಳಿಯುವ ಗುರುತ್ವವೂ ನೂರರಲ್ಲಿ ಒಂದು ಪಾಲು, ಅದೂ ಅಲ್ಲಾಡುತ್ತಲೇ ಇರುತ್ತದೆ. ವಿಸರಣ ಅಳೆಯುವವರು ಇತ್ತ ತಲೆ ಹಾಕಬಾರದು.

ಇದರ ಪುಣ್ಯ ಬೇರೆ ಕಡೆ ಇದೆ: ಪ್ರಯೋಗ ಮಾಡುವವರು ಸಾಧನದ ಪಕ್ಕದಲ್ಲೇ ಇರುತ್ತಾರೆ. ಹತ್ತನೆಯ ಕಮಾನಿನಲ್ಲಿ ತಪ್ಪಿದ್ದನ್ನು ಹನ್ನೊಂದರಲ್ಲಿ ತಿದ್ದಬಹುದು. ಜರ್ಮನಿಯವರ ಟೆಂಪಸ್ ಎಂಬ ವಿದ್ಯುತ್ಕಾಂತೀಯ ಸಾಧನ ಈ ವಿಮಾನದಲ್ಲಿ ಹಾರುತ್ತದೆ. ಒಂದೇ ಕಮಾನಿನಲ್ಲಿ ಹನಿಯನ್ನು ಕರಗಿಸಿ, ನಡುಗಿಸಿ, ತಣಿಸಿ ಮುಗಿಸಬೇಕು. ಮೇಲ್ಮೈ ಎಳೆತಕ್ಕೆ ಇದು ಸಾಕು, ದೊಡ್ಡ ಹನಿಯ ಸ್ನಿಗ್ಧತೆಗೆ ಕೊನೆಯ ಬಸ್ ಹಿಡಿದ ಹಾಗೆ. ನಿಲ್ದಾಣಕ್ಕೆ ಕಳುಹಿಸುವ ಮಾದರಿಯನ್ನು ಮೊದಲು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ರಾಕೆಟ್

ಸ್ವೀಡನ್ನಿನ ಕಿರುನಾ ಬಳಿಯ ಎಸ್ರೇಂಜ್‌ನಿಂದ 1977ರಿಂದ ಹಾರುತ್ತಿರುವ ಟೆಕ್ಸಸ್ ರಾಕೆಟ್‌ಗಳು ಸುಮಾರು ಆರು ನಿಮಿಷ ಕೊಡುತ್ತವೆ. ಪ್ಯಾರಾಚೂಟಿನಲ್ಲಿ ಇಳಿದ ಮಾದರಿ ಆ ದಿನವೇ ಕೈಗೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಹೊಗಳಿಕೆ ಪಡೆದ, ಹೆಚ್ಚು ಕೆಲಸ ಮಾಡಿದ ವಾಹನ ಇದು. 2012ರಲ್ಲಿ ಇದೇ ಬಗೆಯ ಮೇಸರ್-12 ರಾಕೆಟ್ಟಿನೊಳಗೆ ಎಕ್ಸ್‌ರೇ ಯಂತ್ರವನ್ನೇ ಇಟ್ಟು ಅಲ್ಯೂಮಿನಿಯಂ–ತಾಮ್ರ ಹೆಪ್ಪುಗಟ್ಟುವುದನ್ನು ನೇರವಾಗಿ ಚಿತ್ರೀಕರಿಸಿದರು. 2008ರ ಮೇಸರ್-11ರಲ್ಲಿ ಇದೇ ಉಪಾಯದಿಂದ ಲೋಹದ ನೊರೆಯನ್ನು ನೋಡಿದ್ದರು. ನೆಲದ ಮೇಲೆ ನೊರೆಯ ದ್ರವ ತಳಕ್ಕೆ ಸೋರಿಹೋಗುತ್ತದೆ, ರಾಕೆಟ್ಟಿನಲ್ಲಿ ಸೋರುವುದಿಲ್ಲ. ತೆಳುವಾದ ಮಾದರಿ, ನಿಮಿಷಗಳಲ್ಲಿ ಮುಗಿಯುವ ಘನೀಭವನ, ಹಿಂದಿರುಗಿ ಬರಬೇಕಾದ ತುಂಡು: ಈ ಮೂರೂ ನಿಮ್ಮಲ್ಲಿದ್ದರೆ ಮುಂದೆ ಓದುವುದೇ ಬೇಡ. ಏರುವಾಗಿನ ಅದುರು ಮತ್ತು ಒತ್ತಡಕ್ಕೆ ಮೂಸೆ ಒಡೆಯದಂತೆ ನೋಡಿಕೊಳ್ಳಬೇಕು, ಮತ್ತೆ ಪ್ರಯತ್ನಿಸುವ ಅವಕಾಶ ಇರುವುದಿಲ್ಲ.

ಕಕ್ಷೆ

ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಕೊಲಂಬಸ್ ಘಟಕದಲ್ಲಿ 2014ರಲ್ಲಿ ಗಗನಯಾತ್ರಿ ಅಲೆಕ್ಸಾಂಡರ್ ಗೆರ್ಸ್ಟ್ ಜೋಡಿಸಿದ ವಿದ್ಯುತ್ಕಾಂತೀಯ ಸಾಧನ 5ರಿಂದ 8 ಮಿಲಿಮೀಟರ್ ಗುಂಡುಗಳನ್ನು ತೇಲಿಸಿ ಕರಗಿಸುತ್ತದೆ. ನೆಲದ ಮೇಲಿನಂತೆ ಎತ್ತಿಹಿಡಿಯುವ ಜೋರು ಕ್ಷೇತ್ರ ಬೇಕಿಲ್ಲ, ಹನಿ ಅತ್ತಿತ್ತ ಹೋಗದಂತೆ ಸವರಿದರೆ ಸಾಕು. ಒಳಗಿನ ಸುಳಿ ಅಡಗುತ್ತದೆ, ಹನಿ ನಿಜವಾಗಿ ದುಂಡಗಾಗುತ್ತದೆ, ನಡುಕದ ಲೆಕ್ಕ ಶುದ್ಧವಾಗಿ ಬರುತ್ತದೆ. ಸಾಧನವನ್ನು ನಡೆಸುವುದು ಜರ್ಮನಿಯ ಕೊಲೋನ್‌ನಲ್ಲಿ ಕುಳಿತವರು. ಜಪಾನಿನ ಕಿಬೋ ಘಟಕದಲ್ಲಿ ಸ್ಥಿರವಿದ್ಯುತ್ ಕುಲುಮೆ ಇದೆ. 2 ಮಿಲಿಮೀಟರ್ ಹನಿ, ಮುಖ್ಯವಾಗಿ ವಿದ್ಯುತ್ ಹರಿಸದ ಆಕ್ಸೈಡ್‌ಗಳು, ಬಹಳ ಎತ್ತರದ ಉಷ್ಣಾಂಶ. ಲೋಹವಾದರೆ ಮೊದಲನೆಯದು, ಕಿಟ್ಟ ಮತ್ತು ಪಿಂಗಾಣಿಯ ಜಾತಿಯಾದರೆ ಎರಡನೆಯದು. ಕಡ್ಡಿಯನ್ನು ಒಂದು ತುದಿಯಿಂದ ಹೆಪ್ಪುಗಟ್ಟಿಸುವ ಕುಲುಮೆಗಳು 2009ರಲ್ಲಿ ಹೋದ ವಸ್ತುವಿಜ್ಞಾನ ಪ್ರಯೋಗಾಲಯದಲ್ಲಿವೆ.

ಕಕ್ಷೆಯ ಬೆಲೆ ಕಾಯುವಿಕೆಯಲ್ಲಿದೆ. ಮೂರನೆಯ ವರ್ಷದಲ್ಲಿ ಅರ್ಜಿ ಹಾಕಿದವರು ಮಾದರಿ ಹಾರುವ ಹೊತ್ತಿಗೆ ಬೇರೆ ಊರಿನಲ್ಲಿ ಕೆಲಸದಲ್ಲಿರುತ್ತಾರೆ. ವರ್ಷಗಟ್ಟಲೆ ಸುರಕ್ಷತೆಯ ಪರೀಕ್ಷೆಗಳು. ಗಗನಯಾತ್ರಿಗಳ ವ್ಯಾಯಾಮ, ನೌಕೆಗಳ ಜೋಡಣೆಯಿಂದ ನಿಲ್ದಾಣವೂ ಅದುರುತ್ತದೆ ಎಂಬುದನ್ನು ನಿಧಾನದ ಪ್ರಯೋಗ ಮಾಡುವವರು ಮರೆಯಬಾರದು.

ನಮ್ಮ ದೇಶದ ದಾರಿಗಳು ಎರಡು ಬಗೆ. 2007ರ ಜನವರಿ 10ರಂದು ಪಿಎಸ್‌ಎಲ್‌ವಿ-ಸಿ7ರಲ್ಲಿ ಹೋದ ಎಸ್‌ಆರ್‌ಇ-1 ಎಂಬ 550 ಕಿಲೋಗ್ರಾಂ ಕೋಶದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ವಿಕ್ರಂ ಸಾರಾಭಾಯ್ ಅಂತರಿಕ್ಷ ಕೇಂದ್ರ ಸೇರಿ ರೂಪಿಸಿದ ಲೋಹ ಕರಗಿಸುವ ಕುಲುಮೆ ಇತ್ತು. ಹನ್ನೆರಡು ದಿನದ ಬಳಿಕ ಜನವರಿ 22ರಂದು ಅದು ಬಂಗಾಳ ಕೊಲ್ಲಿಯಲ್ಲಿ ಇಳಿದು ಕೈಸೇರಿತು. ಮಾದರಿ ಹಿಂದಿರುಗಿದ್ದೇ ದೊಡ್ಡ ಸಂಗತಿ. ಇನ್ನೊಂದು, ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನೇ ಕಕ್ಷೆಯಲ್ಲಿ ಪ್ರಯೋಗದ ಮೇಜಾಗಿ ಬಳಸುವ ಪೋಯಂ. 2024ರ ಡಿಸೆಂಬರ್ 30ರ ಹಾರಾಟದಲ್ಲಿ 24 ಉಪಕರಣಗಳು ಹೋದವು, ಅಲಸಂದೆ ಬೀಜ ಮೊಳೆತದ್ದು ಅದರಲ್ಲೇ. ಕಾಲೇಜಿನವರಿಗೆ ಕೈಗೆಟುಕುವ ಕಕ್ಷೆಯೆಂದರೆ ಇದು. ಆದರೆ ಅಲ್ಲಿಂದ ಏನೂ ಹಿಂದಿರುಗುವುದಿಲ್ಲ. ಕತ್ತರಿಸಿ ನೋಡುವ ಆಸೆ ಬಿಟ್ಟು, ಲೋಹ ತನ್ನ ಕಥೆಯನ್ನು ಉಷ್ಣಾಂಶದ ರೇಖೆಯಲ್ಲೇ ಹೇಳುವಂತೆ ಪ್ರಶ್ನೆ ಕಟ್ಟಬೇಕು. ಎಷ್ಟು ಕೆಳಗೆ ತಣಿದ ಮೇಲೆ ಹೆಪ್ಪುಗಟ್ಟಿತು, ಆಗ ಎಷ್ಟು ಜಿಗಿದು ಬಿಸಿಯಾಯಿತು ಎಂಬುದನ್ನು ಉಷ್ಣಾಂಶ ಅಳೆಯುವ ಒಂದು ಥರ್ಮೋಕಪಲ್ ತಂತಿ ಹೇಳಬಲ್ಲದು. ವಿದ್ಯುತ್ತಿನ ಮಿತಿ ಇರುವುದರಿಂದ ಬೇಗ ಕರಗುವ ಲೋಹವೇ ಆಗಬೇಕು. ಗ್ಯಾಲಿಯಂ 29.8 ಡಿಗ್ರಿಯಲ್ಲಿ ಕರಗುತ್ತದೆ. ಏಪ್ರಿಲ್‌ನ ಮಂಡ್ಯದಲ್ಲಾದರೆ ಮೇಜಿನ ಮೇಲೆಯೇ. ಕರಗಿದ ಮೇಲೆ ಬೇಗ ಹೆಪ್ಪುಗಟ್ಟಲು ಒಪ್ಪದ ಹಟವೂ ಅದಕ್ಕಿದೆ, ನಮಗೆ ಬೇಕಾದ ಗುಣವೇ ಅದು.

ಕಲಾಯಿಯ ಹನಿ ಎಲ್ಲಿಗೆ ಬಂತು

ಆ ವಿದ್ಯಾರ್ಥಿನಿ ಮತ್ತು ಅವಳ ಮೂವರು ಗೆಳೆಯರು ನಿಲ್ದಾಣದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿದರು. 2 ಮಿಲಿಮೀಟರ್ ತವರದ ಹನಿಯನ್ನು ಕಾದ ಹಿತ್ತಾಳೆಯ ಮೇಲೆ ಬಿಟ್ಟು ಮೊಬೈಲಿನ ನಿಧಾನಗತಿಯ ಕ್ಯಾಮೆರಾದಲ್ಲಿ ಹಿಡಿದರು. ತಟ್ಟೆಯನ್ನು ಮಟ್ಟವಾಗಿ, ಓರೆಯಾಗಿ, ನೆಟ್ಟಗೆ ನಿಲ್ಲಿಸಿ ನೋಡಿದರು. ಹನಿ ಹರಡುವ ಬಗೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. 8 ಮಿಲಿಮೀಟರ್ ಹನಿಗೆ ಬಂದಾಗ ಕಥೆ ಬದಲಾಯಿತು: ಓರೆಯಲ್ಲಿ ಅದು ಬಾಲ ಬಿಟ್ಟುಕೊಂಡು ಜಾರಿತು, ಮಟ್ಟದಲ್ಲಿ ದೋಸೆಯಂತೆ ಚಪ್ಪಟೆಯಾಯಿತು. ಗುರುತ್ವ ಎಲ್ಲಿಂದ ಕೈ ಹಾಕುತ್ತದೆ ಎಂಬುದು ಅವರ ಕಣ್ಣಿಗೇ ಬಿತ್ತು. ಹರಡುವುದು ಮುಗಿಯಲು ಅವರ ವಿಡಿಯೊಗಳಲ್ಲಿ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತಿತ್ತು. ಫಲಿತಾಂಶ ವಿಡಿಯೊದಲ್ಲೇ ಇರುವುದರಿಂದ ಮಾದರಿ ಕೊನೆಯ ಹೊಡೆತಕ್ಕೆ ಹಾಳಾದರೂ ನಷ್ಟವಿಲ್ಲ.

ಈಗ ಅವರ ಮುಂದೆ ಇರುವ ಆಯ್ಕೆ 2.5 ಸೆಕೆಂಡಿನ ಗೋಪುರ. ಮೇಜಿನ ಮೇಲೆ ಒಂದು ಸ್ಪ್ರಿಂಗು, ಒಂದು ಹಿತ್ತಾಳೆ ತಟ್ಟೆ, 232 ಡಿಗ್ರಿ ದಾಟಿ ಕಾಯಬೇಕಾದ ಒಂದು ಪುಟ್ಟ ಬಟ್ಟಲು. ಪೆಟ್ಟಿಗೆ ಬೀಳತೊಡಗಿದ ಮೇಲೆ, ಹನಿ ದುಂಡಗಾಗಿ ನಡುಕ ಅಡಗಲು ಎಷ್ಟು ಹೊತ್ತು ಬಿಟ್ಟು ತಟ್ಟೆಯನ್ನು ಅದಕ್ಕೆ ತಾಗಿಸಬೇಕು ಎಂಬುದರ ಬಗ್ಗೆ ಹೋದ ಶನಿವಾರ ಸಂಜೆಯೆಲ್ಲ ಜಗಳವಾಡಿದರು. ಅರ್ಧ ಸೆಕೆಂಡ್ ಎಂದು ಇಬ್ಬರು, ಒಂದು ಸೆಕೆಂಡ್ ಎಂದು ಇಬ್ಬರು.